ಅವಳು ಬರಲೆಂದು ಒಂದು ಸುಳ್ಳು

ಮನೆ ಮನೆಗೆ ಬಂದು ಸುಳ್ಳು ಬೇಡುವವಳನ್ನು ಗುಳೇದಗುಡ್ಡ ಅದುವರೆಗೆ ಕಂಡಿರಲಿಲ್ಲ. ಓಟು ಬೇಡುವವರನ್ನು ಕಂಡಿತ್ತು. ಅವರು ಸುಳ್ಳನ್ನು ತಾವೇ ತರುತ್ತಿದ್ದರು.

ಪ್ರಿಯದರ್ಶಿನಿ ಬಾಗಲಕೋಟೆಯವಳು. ಚುನಾವಣೆಯ ಹೊತ್ತಿಗೆ ವಾಟ್ಸಾಪಿನಲ್ಲಿ ಸುಳ್ಳು ಸುದ್ದಿ ಎಲ್ಲಿ ಹುಟ್ಟುತ್ತದೆ, ಯಾರಿಂದ ಯಾರಿಗೆ ಹೋಗುತ್ತದೆ ಎಂಬುದರ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ದೀಪಕ ಗುಳೇದಗುಡ್ಡದ ನೇಕಾರ ಓಣಿಯ ಗ್ರೂಪಿನ ಅಡ್ಮಿನ್. ಅವಳು ಬಂದಾಗ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕುಪ್ಪಸದ ಖಣ ನೇಯುತ್ತಿದ್ದ.

“ಫೋನಿಗೆ ಸುಳ್ಳು ಮೆಸೇಜ್ ಬಂದಿದ್ರ ಕೊಡ್ರಿ.”

“ಖರೇದು ಬ್ಯಾಡೇನ್ರಿ?”

“ನಿಮ್ಮ ಗ್ರೂಪಿನ್ಯಾಗ ಸಿಕ್ರ ಅದನ್ನೂ ಕೊಡ್ರಿ. ನೋಡೂಣು.”

ಅವನು ಲಾಳಿ ಬಿಟ್ಟು ನೋಡಿದ. ಕುಣಿಯಲ್ಲಿದ್ದವನಿಗೆ ಮೊದಲು ಕಂಡದ್ದು ಧೂಳು ಹತ್ತಿದ ಪಾದ, ಆಮೇಲೆ ಲ್ಯಾಪ್‌ಟಾಪಿನ ಚೀಲ, ಕೊನೆಗೆ ನಗು ತಡೆದುಕೊಂಡ ಮುಖ. ಇಷ್ಟು ಸಾವಕಾಶವಾಗಿ ಅವನು ಯಾರನ್ನೂ ನೋಡಿರಲಿಲ್ಲ.

ಆಮೇಲೆ ಅವಳು ಆಗಾಗ ಬಂದಳು. ಇಬ್ಬರೂ ಮಗ್ಗದ ಪಕ್ಕ ಕೂತು ಸುಳ್ಳುಗಳನ್ನು ಓದಿ ಓದಿ ನಗುತ್ತಿದ್ದರು. ಅವನ ಅವ್ವ ತಾಯವ್ವ ಚಹಾ ತಂದಿಟ್ಟು, ಸುಳ್ಳು ಓದಿದರೆ ಡಾಕ್ಟರ್ ಆಗುತ್ತಾಳಂತೆ, ಅದಿನ್ನೆಂಥ ದವಾಖಾನಿಯೋ ಎನ್ನುವಳು. ಒಂದು ದಿನ ಫೋನಿನ ಮೇಲೆ ಬಗ್ಗಿದಾಗ ಅವಳ ಜಡೆ ಮಗ್ಗದ ಹಾಸಿನ ಎಳೆಗಳ ಮೇಲೆ ಬಿತ್ತು. ಅವನು ಅದನ್ನು ಸರಿಸಲಿಲ್ಲ; ನೇಯಲೂ ಇಲ್ಲ. ಅವಳಿಗೆ ಗೊತ್ತಾಯಿತು, ಗೊತ್ತಾದ ಮೇಲೂ ಬಗ್ಗಿಯೇ ಇದ್ದಳು. ಇಬ್ಬರ ಮಾತಿನಿಂದ ‘ರಿ’ ಬಿದ್ದು ಹೋದದ್ದು ಆ ದಿನವೇ.

ಶ್ರಾವಣದಲ್ಲಿ ಗ್ರೂಪಿನಲ್ಲಿ ಸುಳ್ಳಿಗೆ ಬರ ಬಂತು. ದೇವರ ಫೋಟೋ, ಶುಭ ಮುಂಜಾನೆ, ಅಷ್ಟೇ. ಹೊಸದೇನೂ ಇಲ್ಲದ್ದರಿಂದ ಅವಳೂ ಬರಲಿಲ್ಲ. ದೀಪಕ ಅವಳ ನಂಬರು ತೆಗೆಯುವುದು, ನೋಡುವುದು, ಫೋನು ಬದಿಗಿಡುವುದು. ಬಾ ಎನ್ನಲು ಕಾರಣ ಬೇಕು ಎಂದು ಅವನಿಗೆ ಯಾರು ಹೇಳಿದ್ದರೋ.

ಕಾರಣವನ್ನು ತಾನೇ ಹುಟ್ಟಿಸಿ, ಒಂದು ಮೆಸೇಜು ಬರೆದ: ನಮ್ಮ ಖಣದ ಚಿತ್ತಾರ ಕದ್ದು ಸೂರತ್ತಿನ ಮಷಿನ್ ಮಗ್ಗದವರಿಗೆ ಮಾರುವ ವ್ಯಾಪಾರಿಯೊಬ್ಬ ಊರಲ್ಲಿ ಓಡಾಡುತ್ತಿದ್ದಾನೆ, ಎಚ್ಚರ, ಎಲ್ಲ ಗ್ರೂಪಿಗೂ ಕಳಿಸಿ. ಗ್ರೂಪಿಗೆ ಹಾಕಿ ಅವಳಿಗೆ ಫೋನು ಮಾಡಿದ: ಎಲ್ಲಿಂದಲೋ ಹೊಸದೊಂದು ಬಂದಿದೆ. ಸಂಜೆಯ ಬಸ್ಸಿಗೆ ಅವಳು ಬಂದೇಬಿಟ್ಟಳು. ಬರೆದವರು ಜಾಣರಿದ್ದಾರೆ, ನೇಕಾರರ ಹೊಟ್ಟೆಗೇ ಕೈಹಾಕಿದ್ದಾರೆ ಎಂದು ಹೊಗಳಿದಳು. ದೀಪಕನ ಕಿವಿ ಕೆಂಪಾಯಿತು. ಅವಳು ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ತಾನೂ ನಾಚಿದಳು.

ಚುನಾವಣೆ ಹತ್ತಿರ ಬಂತು. ಮೆಸೇಜಿಗೆ ಯಾರೋ ಒಂದು ಹೆಸರು ಸೇರಿಸಿದರು, ಇನ್ಯಾರೋ ಫೋಟೋ, ಪಕ್ಷದವರು ಧರ್ಮ. ಹೆಸರು ಮತೀನನದು. ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಮನೆಮನೆಯ ಖಣ ಕೊಂಡು ಊರೂರಿಗೆ ಮಾರುವವನು. ತಾಯವ್ವನ ಖಣಕ್ಕೂ ಅವನೇ ಗಿರಾಕಿ. ಮೆಸೇಜು ನಂಬಿದವರು ಕುಳಗೇರಿ ಕ್ರಾಸಿನಲ್ಲಿ ಅವನನ್ನು ನಿಲ್ಲಿಸಿ ಗಂಟಿಗೆ ಬೆಂಕಿ ಹಚ್ಚಿದರು. ಬಲಗೈ ಮುರಿದರು.

ಪ್ರಿಯದರ್ಶಿನಿ ಬಾಗಲಕೋಟೆಯ ದವಾಖಾನಿಯಲ್ಲಿ ಮತೀನನನ್ನು ನೋಡಿಕೊಂಡೇ ಗುಳೇದಗುಡ್ಡಕ್ಕೆ ಬಂದಳು. ಮೆಸೇಜಿನ ದಾರಿಯನ್ನು ಕುಳಗೇರಿಯಿಂದ ಬಾದಾಮಿಗೆ, ಬಾದಾಮಿಯಿಂದ ಈ ಊರಿಗೆ ಹಿಂದೆ ಹಿಂದೆ ಹಿಡಿದುಕೊಂಡು ಬಂದಿದ್ದಳು. ಮೊದಲು ಬರೆದವನೊಬ್ಬ ಸಿಗಬೇಕು, ಹುಡುಕಿಕೊಡು ಎಂದಳು.

“ಮತೀನಣ್ಣ ಏನಂದ?”

“ತಾಯವ್ವಕ್ಕನ ಖಣ ಇನ್ನ ಯಾರು ಒಯ್ತಾರ ಅಂತ ಕೇಳಿದ.”

ದೀಪಕ ಕುಣಿಯಿಂದ ಮೇಲೆ ಬಂದು ನಿಂತ.

“ಅದನ್ನ ಬರ್ದಾಂವ ನಾನ. ಹೊಸಾದು ಇಲ್ಲಂದ್ರ ನೀ ಬರಂಗಿಲ್ಲ ಅನಿಸ್ತು. ಯಾರ ಹೆಸರೂ ಹಾಕಿದ್ದಿಲ್ಲ ನಾ.”

ಅವಳು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿದಳು.

“ಹೆಸರಿನ ಜಾಗಾ ಖಾಲಿ ಬಿಟ್ಟಿದ್ದಿ. ತುಂಬವ್ರು ತುಂಬಿದ್ರು.”

ಗ್ರೂಪಿನಲ್ಲಿ ನಿನ್ನ ದನಿಯಲ್ಲೇ ಹೇಳು ಎಂದಳು. ಅವಳ ಎದುರೇ ಹೇಳಿದ. ಸುಳ್ಳು ತನ್ನದು, ಮತೀನಣ್ಣನ ತಪ್ಪಿಲ್ಲ ಎಂದ. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಇನ್ನೊಬ್ಬರು ಪಾಪ, ಹುಡುಗನ ಮೇಲೆ ಯಾರದೋ ಒತ್ತಡವಿದೆ ಎಂದರು. ಅವನ ದನಿ ಓಣಿ ದಾಟಲಿಲ್ಲ. ಮೆಸೇಜು ಅಷ್ಟರಲ್ಲಿ ಹುನಗುಂದ, ಇಳಕಲ್ಲು ಮುಟ್ಟಿತ್ತು.

ಬಸ್‌ಸ್ಟ್ಯಾಂಡಿನವರೆಗೂ ಅವನು ಹಿಂದೆ ಬಂದ. ನಾಳೆ ಮತೀನಣ್ಣನ ಕಾಲು ಹಿಡಿಯುತ್ತೇನೆ, ಪೊಲೀಸರಿಗೂ ಹೇಳುತ್ತೇನೆ ಎಂದ. ಮಾಡು, ಆದರೆ ನನ್ನ ಸಲುವಾಗಿ ಬೇಡ ಎಂದಳು.

“ಪಾರ್ಟಿ ಸಲುವಾಗಿ, ರೊಕ್ಕದ ಸಲುವಾಗಿ ಸುಳ್ಳು ಹುಟ್ಟಿಸ್ತಾರಂತ ಇಡೀ ಚಾಪ್ಟರ್ ಬರ್ದೇನಿ. ನಿಂದನ್ನ ಎಲ್ಲಿ ಹಾಕ್ಲಿ, ಹೇಳು.”

ಕಂಡಕ್ಟರ್ ಬಾಗಲಕೋಟೆ, ಬಾಗಲಕೋಟೆ ಎಂದು ಕರೆಯುತ್ತಿದ್ದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ತಿರುಗದೆ ಹೇಳಿದಳು.

“ಸುಮ್ಮನ ಫೋನ್ ಹಚ್ಚಿ ಬಾ ಅಂದಿದ್ರ ಬರ್ತಿದ್ನಲ್ಲೋ, ದೀಪಕ.”

ಅವನು ನಿಂತ ಕಡೆಯ ಕಿಟಕಿಗಳೆಲ್ಲ ಖಾಲಿ ಇದ್ದವು. ಅವಳು ಆಚೆ ಬದಿಗೆ ಹೋಗಿ ಕೂತಳು.