ಕರೆಂಟಿಲ್ಲದ ತಂತಿ

ಏಪ್ರಿಲ್ ಹದಿನೇಳರ ಸಂಜೆ ಸರೋಜಾ ದಾವಣಗೆರೆಯ ಠಾಣೆಗೆ ಬಂದು ದೂರು ಕೊಟ್ಟಳು. ಹರಿಹರ ತಾಲ್ಲೂಕಿನ ಸಾರಥಿ ಎಂಬ ಊರಿನವಳು. ಅವಳ ಗಂಡ, ಲೈನ್‌ಮನ್ ಕಲ್ಲಪ್ಪ, ಅಂದು ಮಧ್ಯಾಹ್ನ ಸರಸ್ವತಿ ನಗರದಲ್ಲಿ ಹರಿದ ತಂತಿ ಜೋಡಿಸಲು ಕಂಬ ಹತ್ತಿ, ಕರೆಂಟು ಹೊಡೆದು ಸತ್ತಿದ್ದ.

“ಲೈನ್ ಆಫ್ ಮಾಡೋದು ಮರೆತಾನ ಅಂತಾರ್ರಿ ಎಲ್ರೂ. ದೇವರಿಗೆ ಕೈ ಮುಗಿಯೋದು ಮರೆತಾರು, ಅದನ್ನ ಮರೆಯೋರಲ್ಲ. ನಾಳೆ ನನ್ನ ಮಕ್ಕಳ ಮುಂದೂ ಹಂಗೇ ಆಡ್ಕಂತಾರ, ಸಾರ್.”

ಇನ್ಸ್‌ಪೆಕ್ಟರ್ ಬೋರಣ್ಣ ಅಸಹಜ ಸಾವೆಂದು ಪ್ರಕರಣ ದಾಖಲಿಸಿಕೊಂಡ. ಇಂಥ ಸಾವುಗಳನ್ನು ಬರೆದು ಬರೆದು ಅವನ ಕೈ ಸೋತಿತ್ತು. ಶಿವನೇ, ಇವಳ ಮಾತು ನಿಜವಾಗಿರಲಿ ಎಂದಷ್ಟೇ ಮನಸ್ಸಿನಲ್ಲಿ ಬೇಡಿಕೊಂಡ.

ಮರುದಿನ ಬೆಳಿಗ್ಗೆ ಸ್ಥಳ ಪಂಚನಾಮೆಯಲ್ಲಿ ಪೇದೆ ಶಬ್ಬೀರ್ ಕಲ್ಲಪ್ಪನ ಚೀಲ ಬಿಚ್ಚಿದ. ಟ್ರಾನ್ಸ್‌ಫಾರ್ಮರ್‌ನಿಂದ ಕಿತ್ತ ಫ್ಯೂಸುಗಳು ಅದರಲ್ಲಿದ್ದವು.

“ಫ್ಯೂಸು ಇಲ್ಲೇ ಅದಾವು ಸಾರ್, ಲೈನ್ ಆಫ್ ಮಾಡೇ ಹತ್ತ್ಯಾನ. ಮತ್ತೆ ಕರೆಂಟ್ ಎಲ್ಲಿಂದ ಬಂತು?”

ಹರಿದ ತಂತಿಯ ಆಚೆ ತುದಿಯಿಂದ ಕರೆಂಟು ಹೋಗುತ್ತಿದ್ದುದು ಹನುಮೇಶ ಎಂಬವನ ಮನೆಯೊಂದಕ್ಕೇ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ಲುಗಳು. ಎದುರುಮನೆಯ ಉಡಚಮ್ಮ ಕೇಳುವ ಮೊದಲೇ ಹೇಳಿದಳು:

“ನಿನ್ನೆ ಬೀದಿಗೆಲ್ಲ ಕರೆಂಟಿಲ್ಲ, ಅವರ ಮನಿ ಫ್ಯಾನ್ ಮಾತ್ರ ತಿರುಗ್ತಿತ್ತು. ಸೂರ್ಯ ಹನುಮೇಶನಿಗೆ ಸೋದರಮಾವ ಆಗಬೇಕು ಅಂತ ನಗ್ತಿದ್ವಿ ಸಾರ್.”

ಬಾಗಿಲು ತೆರೆದವಳು ಹನುಮೇಶನ ಹೆಂಡತಿ ಯಶೋದಾ. ಮೂಗಿಗೆ ಆಕ್ಸಿಜನ್ ಯಂತ್ರದ ಪೈಪು. ಬೋರಣ್ಣನಿಗೆ ಅಲ್ಲೇ ಅರ್ಧ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಿದ್ಯುತ್ ಕಚೇರಿಯ ಎಂಜಿನಿಯರ್ ಬಂದು ವೈರಿಂಗ್ ನೋಡಿದ. “ಇದಕ್ಕೆ ಅನುಮತಿ ಇಲ್ಲ ಸಾರ್. ಲೈನ್ ಹೋದ್ರೆ ಸೋಲಾರೂ ತಾನೇ ನಿಲ್ಲಬೇಕು. ಅದನ್ನ ಪರೀಕ್ಷೆ ಮಾಡಿಯೇ ನಾವು ಒಪ್ಪಿಗೆ ಕೊಡೋದು. ಇಲ್ಲಿ ನಿಲ್ಲದಂಗೆ ಜೋಡ್ಸ್ಯಾರೆ. ಮನೆ ಕರೆಂಟ್ ಹೊರಗಿನ ತಂತಿಗೆ ಹರಿದೈತೆ.”

ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ಆಯಿತು. ಮಧ್ಯಾಹ್ನ ಹರಿಹರದ ಲೇತ್ ಅಂಗಡಿಯಲ್ಲಿ ಹನುಮೇಶನನ್ನು ಬಂಧಿಸಿದರು. ಎಣ್ಣೆಗೈ ಒರೆಸಿಕೊಂಡು ಜೀಪು ಹತ್ತಿದ.

“ಅನುಮತಿ ಯಾಕ ತಗೊಳ್ಳಲಿಲ್ಲ?” ಠಾಣೆಯಲ್ಲಿ ಬೋರಣ್ಣ ಕೇಳಿದ.

“ಅರ್ಜಿ ಹಾಕಿದ್ದೆ ಸಾರ್. ಮೀಟರ್ ಸತ್ತ ಅಪ್ಪನ ಹೆಸರಲ್ಲೈತೆ, ಅಣ್ಣನ ಒಪ್ಪಿಗೆ ತಂದು ನಿನ್ನ ಹೆಸರಿಗೆ ಮಾಡ್ಸು ಅಂದ್ರು. ಅಣ್ಣ ಮಾತು ಬಿಟ್ಟಾನ. ದಿನಾ ಕರೆಂಟ್ ಹೋಗತೈತೆ, ಆಕಿಗೆ ಉಸಿರು ಕಟ್ಟತೈತೆ. ನಾನೇ ಜೋಡಿಸಿದೆ.”

“ಮನೆ ಕರೆಂಟ್ ಹೊರಗೆ ಹೋಗದಂಗೆ ಮೇನ್ ಸ್ವಿಚ್ ಆದ್ರೂ ತೆಗೀಬೇಕಿತ್ತಲ್ಲೋ?”

“ದಿನಾ ತೆಗೆದು, ಆಮೇಲೆ ಸೋಲಾರ್ ಹಾಕ್ತಿದ್ದೆ. ನಿನ್ನೆ ಕೆಲಸದಾಗಿದ್ದೆ. ಯಶೋದಾ ಫೋನ್ ಮಾಡಿದ್ಲು, ಮಾತೇ ಹೊರಡವಲ್ದು ಆಕಿಗೆ. ಸೋಲಾರ್ ಸ್ವಿಚ್ ಹಾಕು, ಬೇಗ ಹಾಕು ಅಂದೆ. ಮೇನ್ ತೆಗಿ ಅನ್ನೋದು ಮರೆತೆ ಸಾರ್.”

ಬೋರಣ್ಣ ಬರೆಯುವುದನ್ನು ನಿಲ್ಲಿಸಿ ಅವನಿಗೆ ನೀರು ತರಿಸಿದ. ಯಶೋದಾಳನ್ನು ಆಸ್ಪತ್ರೆಗೆ ಸೇರಿಸಿ ಬರಲು ಶಬ್ಬೀರನನ್ನು ಕಳಿಸಿದ.

ಸಂಜೆ ತಾನೇ ಸಾರಥಿಗೆ ಹೋದ. ಕಲ್ಲಪ್ಪ ಲೈನ್ ಆಫ್ ಮಾಡಿಯೇ ಕಂಬ ಹತ್ತಿದ್ದನೆಂದೂ ಕರೆಂಟು ಬಂದದ್ದು ಹನುಮೇಶನ ಮನೆಯಿಂದೆಂದೂ ಸರೋಜಾಳಿಗೆ ಹೇಳಿದ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಆ ಮನುಷ್ಯ ಯಾಕ ಹಂಗೆ ಮಾಡಿದ?”

ಬೋರಣ್ಣ ಇದ್ದದ್ದನ್ನು ಹೇಳಿದ.

“ಬೈಯಾಕಾದ್ರೂ ಒಬ್ಬ ಸಿಕ್ಕ ಅಂದ್ಕಂಡಿದ್ದೆ ಸಾರ್,” ಎಂದಳು. “ಅದನ್ನೂ ಉಳಿಸಲಿಲ್ಲ ನೀವು.”