ಮೊದಲು ಕೇಳುವ ಕುರ್ಚಿ

"ಅಯ್ಯೋ! ಏನ್ ಮಾಡ್ಬುಟ್ರಿ? ನಿಮ್ಗೇನ್ ಕಣ್ಣು ಕಾಣಲ್ವಾ?"

ಯಶೋದ ಕೂಗಿದ ರಭಸಕ್ಕೆ ಮುಡಿಗುಂಡದ ರಸ್ತೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು.

ಸಿಟ್ಟಿಗೆ ಕಾರಣವಿತ್ತು. ಬೆಳಿಗ್ಗೆಯಿಂದ ಕೈ ನೋಯುವಂತೆ ಉಜ್ಜಿ ಪಾಲಿಶ್ ಮಾಡಿದ್ದ ತೇಗದ ರ್ಯಾಕಿನ ಮೇಲೆ ಯಾವನೋ ಗಿರಾಕಿ ತುಂಬಿದ ನೀರಿನ ಲೋಟ ಇಟ್ಟು, ಪಕ್ಕದಲ್ಲೇ ನಿಂತು ಕಾಲಿನಿಂದ ನೆಲವನ್ನು ಧಪ್ಪನೆ ಒದ್ದಿದ್ದ! ನೀರು ತುಳುಕಿ ಹೊಸ ಪಾಲಿಶ್ ಮೇಲೆಲ್ಲ ಹರಿಯುತ್ತಿತ್ತು.

"ಕಣ್ಣು ಕಾಣ್ತದೆ ಕಣ್ರಿ. ನಿಮ್ಮ ರ್ಯಾಕು ನಡುಗೋದೂ ಕಾಣ್ತದೆ," ಅಂದ ಅವನು, ಕರ್ಚೀಫಿನಿಂದ ನೀರು ಒರೆಸುತ್ತ. "ಇದರ ಮ್ಯಾಲೆ ರೆಕಾರ್ಡ್ ಪ್ಲೇಯರ್ ಮಡಗಿದ್ರೆ, ಮನೇಲಿ ಯಾರಾದ್ರೂ ಓಡಾಡಿದ್ರೂ ಸಾಕು, ಮುಳ್ಳು ಎಗರಿ ಬೀಳ್ತದೆ."

"ಟೀವಿ ಮಡಗಾಕೆ ಅಂತ ಮಾಡಿರೋದು ಇದು!"

"ನಂಗೆ ನಡುಗದೆ ಇರೋದು ಬೇಕು. ನೀವು ಮಾಡ್ಕೊಡ್ತೀರಾ, ಇಲ್ಲ ಪುಟ್ಟಮಾದಣ್ಣ ಬರಗಂಟ ಕಾಯ್ಲಾ?"

ಅಪ್ಪ ಬರುವ ತನಕ ಕಾಯುತ್ತಾನಂತೆ! ಮರಗೆಲಸದ ಅಂಗಡಿಯ ಬೋರ್ಡಿನ ಮೇಲೆ ಹೆಸರು ಅಪ್ಪನದೇ ಇರಬಹುದು, ಆದರೆ ಉಳಿ ಹಿಡಿಯುವ ಕೈ ಈಗ ತನ್ನದು ಅಂತ ಇವನಿಗೆ ಯಾರು ಹೇಳಬೇಕು?

"ವಾರ ಬುಟ್ಕಂಡು ಬನ್ನಿ," ಅಂದಳು ಯಶೋದ, ಹಲ್ಲು ಕಚ್ಚಿಕೊಂಡು. "ನೆಲ ಒದ್ದು ಒದ್ದು ನಿಮ್ಮ ಕಾಲು ನೋಯ್ಬೇಕು. ನೀರು ಮಾತ್ರ ಅಲ್ಲಾಡಬಾರ್ದು!"

ಅವನು ನಕ್ಕುಬಿಟ್ಟ. ಅಷ್ಟು ಸಿಟ್ಟಿನಲ್ಲೂ ಆ ನಗು ಅವಳಿಗೆ ಚೆನ್ನಾಗಿ ಕಂಡಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನೇ ಮಹದೇವು. ಯಳಂದೂರಿನಲ್ಲಿ ಹಳೇ ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರುಗಳನ್ನು ರಿಪೇರಿ ಮಾಡುವವನು. ಹಾಡು ಕೇಳುವ ಹುಚ್ಚು ಹಿಡಿದವರೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವರ ಸಾಮಾನು ಇಡಲು ತಕ್ಕ ರ್ಯಾಕು ಎಲ್ಲೂ ಸಿಗುತ್ತಿರಲಿಲ್ಲ.

ವಾರ ಬಿಟ್ಟು ಬಂದ. ಒದ್ದ. ನೀರು ಅಲುಗಲಿಲ್ಲ... ಯಶೋದ ಎರಡೂ ಕೈ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

ಅವತ್ತಿನಿಂದ ಇಬ್ಬರ ಕೆಲಸವೂ ಒಂದಾಯಿತು. ರೆಕಾರ್ಡ್ ಪ್ಲೇಯರ್ ಕೂರುವ ಅಡ್ಡಹಲಗೆಯ ಮೇಲೆ ಕರಿಕಲ್ಲಿನ ಚಪ್ಪಡಿ ಹಾಕುವುದು, ಆಂಪ್ಲಿಫೈಯರಿನ ಬಿಸಿ ಹೋಗಲು ಹಿಂದುಗಡೆ ತೆರೆದೇ ಬಿಡುವುದು, ಎಲ್ಲವನ್ನೂ ಜಗಳ ಆಡಿಕೊಂಡೇ ಕಲಿತರು. ಕೊಳ್ಳೇಗಾಲದ ರೇಷ್ಮೆ ಸಾಹುಕಾರರೊಬ್ಬರು ರ್ಯಾಕಿಗೆ ಬಾಗಿಲು ಬೇಕೇ ಬೇಕು ಅಂದಾಗ ಮಹದೇವು ಎದ್ದೇ ನಿಂತಿದ್ದ. "ಸಾ, ನಿಮ್ಮನ್ನ ಬೀರೂಲಿ ಹಾಕಿ ಬಾಗ್ಲು ಹಾಕಿದ್ರೆ ಉಸಿರಾಡ್ತೀರಾ?" ಅಂತ ಕೇಳಿ ಬೈಸಿಕೊಂಡಿದ್ದ. ಆದರೂ ಬಾಗಿಲು ಹಾಕಲು ಬಿಡಲಿಲ್ಲ.

ಇವೆಲ್ಲದರ ನಡುವೆ ಅವನದೊಂದು ಪದ್ಧತಿ ಇತ್ತು.

ಎರಡೂ ಕಡೆ ಸ್ಪೀಕರ್ ಇಟ್ಟ ಮೇಲೆ, ಎರಡರ ದನಿಯೂ ಸಮನಾಗಿ ಬಂದು ಸೇರುವ ಜಾಗ ಕೋಣೆಯಲ್ಲಿ ಒಂದೇ ಇರುತ್ತದೆ. ಅಲ್ಲೊಂದು ಕುರ್ಚಿ. ಹಾಡುವವರು ಎದುರಿಗೇ ನಿಂತು ಹಾಡಿದಂತೆ ಕೇಳಿಸುವುದು ಅಲ್ಲಿ ಕೂತವರಿಗೆ ಮಾತ್ರ. ಮನೆ ಯಜಮಾನರಿಗಿಂತ ಮೊದಲು ಮಹದೇವು ಆ ಕುರ್ಚಿಯಲ್ಲಿ ಯಶೋದಳನ್ನು ಕೂರಿಸುತ್ತಿದ್ದ.

"ಎಂಗದೆ?"

"ಎಡಗಡೇದು ಒಸಿ ಮುಂದಕ್ಕೆ ಬರ್ಲಿ... ಹ್ಞೂಂ. ಈಗ ಸರಿ."

ಅವಳು ಸರಿ ಅಂದರೆ ಮುಗಿಯಿತು. "ನಿಮ್ಮ ಕಿವಿ ಒಪ್ಪಿದ್ರೆ ಕೆಲ್ಸ ಆದಂಗೆ ಕಣ್ರಿ," ಅನ್ನುತ್ತಿದ್ದ. ಪ್ರೀತಿಯ ಮಾತು ಅವನು ಒಂದೂ ಆಡಿರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಾಗ, ಅವನು ಹಾಡನ್ನಲ್ಲ ತನ್ನ ಮುಖವನ್ನು ನೋಡುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಹೆಣ್ಣಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ?

ಹೀಗಿರುವಾಗ ಪ್ರೇಮಾ ಬಂದಳು.

ಹನೂರಿನ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಆಫೀಸರು. ತೀರಿಹೋದ ತಂದೆಯ ರೆಕಾರ್ಡುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಳು. ಮದುವೆಯಾಗಿರಲಿಲ್ಲ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿಯನ್ನು ಯಶೋದ ಮೊದಲ ನೋಟಕ್ಕೇ ಕಂಡಿದ್ದಳು!

"ನನಗೆ ಇಂಥದ್ದು ಬೇಕು," ಅಂತ ಪ್ರೇಮಾ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಮರದ ಕಾಲು, ಅಡ್ಡಹಲಗೆಗಳ ಬದಲು ಗಾಜು. "ಕಪ್ಪು ಕಲ್ಲೆಲ್ಲ ಬೇಡ. ನೋಡಕ್ಕೆ ಹಗುರವಾಗಿರಬೇಕು."

ಯಶೋದ ಒಳಗೊಳಗೇ ನಕ್ಕಳು. ಗಾಜಂತೆ! ಈಗ ಸರಿಯಾಗಿ ಕೊಡುತ್ತಾನೆ ನೋಡು ಈ ಮಹರಾಯ...

"ಆಯ್ತು ಮೇಡಂ," ಅಂದ ಮಹದೇವು. "ನಿಮ್ಮಿಷ್ಟ."

ಯಶೋದಳ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು.

"ಗಾಜು ಕಿಣಿಕಿಣಿ ಅನ್ನಲ್ವಾ?" ಅಂತ ಅವಳೇ ಕೇಳಿದಳು.

"ಅವ್ರು ಇಷ್ಟಪಟ್ಟವ್ರೆ. ಮಾಡ್ಕೊಡಿ," ಅಂದ ಅವನು, ಅವಳ ಮುಖ ನೋಡದೆ.

ಸಾಹುಕಾರರಿಗೆ ಒಂದು ಕಾನೂನು, ಪ್ರೇಮಾ ಮೇಡಂಗೆ ಇನ್ನೊಂದು! ನನ್ನ ಜೊತೆ ಒಂದು ಮೊಳೆಗೂ ವಾದ ಮಾಡುವವನು ಇವಳ ಗುಳಿ ನೋಡಿ ಕರಗಿಹೋದನಲ್ಲ!

ಹೊಟ್ಟೆಕಿಚ್ಚು ಅನ್ನುವುದು ಹೇಳಿ ಕೇಳಿ ಬರುವುದಿಲ್ಲ. ಬಂದರೆ ಕೈಯಲ್ಲಿ ಹಿಡಿದ ಕೆಲಸವನ್ನೂ ಬಿಡುವುದಿಲ್ಲ. ಆ ರ್ಯಾಕಿಗೆ ಮರ ಕೊಯ್ಯುವಾಗ ಪ್ರೇಮಾ, ಉಜ್ಜುವಾಗ ಪ್ರೇಮಾ. ಮಹದೇವು ಹನೂರಿಗೆ ಹೋದನೆಂದರೆ ಯಶೋದಳಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಅವನು ವಾಟ್ಸಾಪ್ ಸ್ಟೇಟಸ್ಸಿಗೆ ಹಳೇ ರೆಕಾರ್ಡಿನ ಫೋಟೋ ಹಾಕಿದ. ಯಶೋದ ಅದನ್ನು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಮೂಲೆಯಲ್ಲಿದ್ದ ಬಳೆ ತೊಟ್ಟ ಕೈಯನ್ನು ಪತ್ತೆ ಮಾಡಿಯೇ ಬಿಟ್ಟಳು!

ಮಹದೇವು ಮಾತ್ರ ಈಚೆಗೆ ಸಪ್ಪಗಿದ್ದ. ಪ್ರೇಮಾ ಬಂದ ಹಿಂದಿನ ದಿನ ಅಪ್ಪನ ಜೊತೆ ಮರ ತರಲು ಹೋಗಿ ಬಂದಾಗಿನಿಂದ ಮಾತು ಕಡಿಮೆ. ಯಾಕೆ ಅಂತ ಅವಳು ಕೇಳಲಿಲ್ಲ. ಇನ್ಯಾಕೆ? ಮನಸ್ಸು ಹನೂರಿನಲ್ಲಿದ್ದರೆ ಬಾಯಿ ಇಲ್ಲಿ ಹೇಗೆ ಆಡೀತು?

ಆ ಬೇಗೆಯಲ್ಲೇ ಒಂದು ಬೆಳಿಗ್ಗೆ ಅಪ್ಪನ ಮುಂದೆ ನಿಂತಳು.

"ಅಪ್ಪಾ, ಸತ್ತೇಗಾಲದ ಗಂಡು ಅಂತಿದ್ದೆಯಲ್ಲ. ಓಗಿ ಒಪ್ಪಿಗೆ ಕೊಟ್ಟು ಬಾ."

ಪುಟ್ಟಮಾದಪ್ಪ ಬಾಯಿಗೆ ಹಾಕಲು ಹೊರಟಿದ್ದ ಎಲೆಯಡಿಕೆಯನ್ನು ಕೆಳಗಿಟ್ಟರು. "ಇಷ್ಟು ದಿನ ಬ್ಯಾಡ ಬ್ಯಾಡ ಅಂತಿದ್ದೆ. ಯೋಚ್ನೆ ಮಾಡು ಕಣವ್ವಾ. ಮಾತು ಕೊಟ್ಮೇಲೆ ವಾಪಸ್ ತಕಳಾಕಾಗಲ್ಲ."

"ಯೋಚ್ನೆ ಮಾಡಿದ್ದಾಯ್ತು."

ಗುರುವಾರ ಹೋಗುತ್ತೇನೆ ಅಂದರು ಅಪ್ಪ. ಪ್ರೇಮಾಳ ಮನೆಯಲ್ಲಿ ರ್ಯಾಕು ಕೂರಿಸಬೇಕಾಗಿದ್ದದ್ದೂ ಅದೇ ಗುರುವಾರ.

ಹನೂರಿನ ದಾರಿಯುದ್ದಕ್ಕೂ ಗೂಡ್ಸ್ ಆಟೋದಲ್ಲಿ ಇಬ್ಬರೂ ಒಂದೊಂದು ಕಡೆ ಮುಖ ಮಾಡಿ ಕೂತಿದ್ದರು. ಪ್ರೇಮಾ ಬಾಗಿಲಲ್ಲೇ ನಿಂತಿದ್ದಳು, ಹಸಿರು ಸೀರೆ ಉಟ್ಟುಕೊಂಡು. ರ್ಯಾಕು ಕೂರಿಸುವುದಕ್ಕೂ ಇಷ್ಟು ಅಲಂಕಾರ ಬೇಕೇ ಅಂದುಕೊಂಡಳು ಯಶೋದ.

ರ್ಯಾಕಿನ ಕಾಲು ನಿಲ್ಲಿಸಿ, ಗಾಜಿನ ಹಲಗೆ ಕೂರಿಸಿ, ಮೇಲೆ ಪ್ಲೇಯರ್, ಕೆಳಗೆ ಆಂಪ್ಲಿಫೈಯರು. ಸ್ಪೀಕರುಗಳು ನಿಂತವು. ಕುರ್ಚಿಯೂ ಬಂತು. ಯಶೋದ ಅಭ್ಯಾಸಬಲದಿಂದ ವೇಲಿಗೆ ಕೈ ಒರೆಸಿಕೊಂಡು ಕುರ್ಚಿಯ ಕಡೆ ನಡೆದಳು.

"ಪ್ರೇಮಾ ಮೇಡಂ," ಅಂದ ಮಹದೇವು. "ನೀವು ಕೂತ್ಕಳಿ."

ಯಶೋದ ನಡುಕೋಣೆಯಲ್ಲೇ ನಿಂತುಬಿಟ್ಟಳು.

ಪ್ರೇಮಾ ಬಂದು ಕೂತಳು. ಹಾಡು ಶುರುವಾಯಿತು. ಯಶೋದಳಿಗೆ ಕಣ್ಣು ತುಂಬಿ ಬಂತು. ಕಿಟಕಿಯ ಕಡೆ ತಿರುಗಿ ನಿಂತಳು. ಆ ಒಂದು ಕುರ್ಚಿ... ಅದನ್ನಾದರೂ ನನಗೆ ಬಿಡಬಾರದಾಗಿತ್ತೇ?

"ಸೂಪರ್!" ಅಂದಳು ಪ್ರೇಮಾ. ಮಹದೇವು ತಲೆ ತಗ್ಗಿಸಿ ವೈರು ಸುತ್ತತೊಡಗಿದ.

ಆದರೆ ಹಾಡಿನ ದನಿ ಮೇಲಕ್ಕೆ ಏರಿದಾಗಲೆಲ್ಲ ಗಾಜು ಸಣ್ಣಗೆ ಕಿಣಿ ಅನ್ನುತ್ತಿತ್ತು. ಯಶೋದಳಿಗೆ ಸ್ಪಷ್ಟವಾಗಿ ಕೇಳಿಸಿತು. ಇರಲಿ, ದಿನಾ ಕೇಳಿಕೊಂಡು ಸಾಯಲಿ, ನನಗೇನು? ಅಂತ ಒಂದು ಗಳಿಗೆ ಹಲ್ಲು ಕಚ್ಚಿದಳು. ತಡೆಯಲಾಗಲಿಲ್ಲ.

"ಗಾಜು ನಡುಗ್ತಾ ಅದೆ! ನಿಮ್ಗೆ ಕೇಳ್ಲಿಲ್ವಾ?"

ಮಹದೇವು ತಲೆ ಎತ್ತಲಿಲ್ಲ. "ಕೇಳ್ತು."

"ಮತ್ತೆ ಯಾಕೆ ಸುಮ್ಕಿದ್ರಿ? ಸಾಹುಕಾರ್ರ ಹತ್ರ ಬೈಸ್ಕಂಡ್ರೂ ಬುಡ್ನಿಲ್ಲ ನೀವು! ಈ ಮೇಡಂ ಮುಂದೆ ಮಾತ್ರ ಯಾಕೆ ನಿಮ್ಮ ಬಾಯಿ ಕಟ್ಟೋಯ್ತದೆ? ಮೊದ್ಲು ಕೂರಿಸೋದೂ ಅವ್ರನ್ನೇ! ನಾನೇನು ಮರ ಹೊತ್ಕಂಡು ಬರೋಕೆ ಮಾತ್ರ ಬೇಕಾ?"

"ಇನ್ನೇನ್ ಮಾಡ್ಲಿ?" ವೈರು ಕೆಳಗೆ ಬಿತ್ತು. ಮಹದೇವು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. "ನೀವು ಸತ್ತೇಗಾಲಕ್ಕೆ ಓಗೋರು! ನಾಳೆ ಆ ಕುರ್ಚೀಲಿ ನಾನು ಯಾರ್ನ ಕೂರಿಸ್ಲಿ? ನೀವಿಲ್ದೆ ಮಾಡೋದ ಇವತ್ತಿಂದ್ಲೇ ಕಲೀಬೇಕಲ್ವಾ ನಾನು?"

ರೆಕಾರ್ಡು ತಿರುಗುತ್ತಲೇ ಇತ್ತು.

"ಯಾ... ಯಾರೇಳಿದ್ರು ನಿಮ್ಗೆ?"

"ಮರ ತರಾಕೆ ಓದಾಗ ಪುಟ್ಟಮಾದಣ್ಣನೇ ಏಳುದ್ರು, ಗಂಡು ನೋಡಿವ್ನಿ ಅಂತ. ಅವತ್ತಿಂದ ನಂಗೆ ಗಾಜೂ ಒಂದೇ, ಮರಾನೂ ಒಂದೇ. ಆ ಗಂಡು ಎಂಗವ್ನೆ ಅಂತ ಸತ್ತೇಗಾಲದ ಬಸ್ ಹತ್ತಿ ನೋಡ್ಕಂಡೂ ಬಂದೆ. ಚೆನ್ನಾಗೇ ಅವ್ನೆ. ಅದಕ್ಕೂ ಒಟ್ಟೆ ಉರೀತು!"

"ಅವತ್ತು ನಾನು ಒಪ್ಪೇ ಇರ್ನಿಲ್ಲ ಕಣ್ರಿ!" ಯಶೋದ ಅವನ ಕಡೆ ತಿರುಗಿದಳು. "ನೀವು ಈ ಮೇಡಂಗೆ 'ನಿಮ್ಮಿಷ್ಟ' ಅಂದ್ರಲ್ಲ, ಅದಾದ್ಮೇಲೆ ಒಪ್ಪಿದ್ದು..."

ಪ್ರೇಮಾ ಕುರ್ಚಿಯಿಂದ ಎದ್ದಳು. ಹೋಗಿ ಮುಳ್ಳನ್ನು ಮೆಲ್ಲಗೆ ಎತ್ತಿಟ್ಟಳು.

"ಕಿಣಿಕಿಣಿ ನನಗೂ ಕೇಳಿಸ್ತು. ಹಳೇ ರೆಕಾರ್ಡು ಹಾಗೇ ಇರುತ್ತೆ ಅಂದ್ಕೊಂಡೆ," ಅಂದಳು. "ನಿಜ ಹೇಳ್ಲಾ ಯಶೋದ? ಇವರನ್ನ ಮನೆಗೆ ಕರೆಸೋಕೆ ನನಗೆ ರೆಕಾರ್ಡ್ ಒಂದೇ ಕಾರಣ ಆಗಿರಲಿಲ್ಲ. ಏನು ಹೇಳಿದ್ರೂ ಹ್ಞೂಂ ಅಂತಾರೆ, ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ. ಜಗಳ ಆಡುವಷ್ಟು ಮನಸ್ಸೂ ನನ್ನ ಮೇಲೆ ಇರಲಿಲ್ಲ ಅಂತ ಈಗ ಗೊತ್ತಾಯ್ತು."

ನಕ್ಕಳು. ಈ ಸಲ ಗುಳಿ ಬೀಳಲಿಲ್ಲ. ಯಶೋದಳಿಗೆ ಮೊದಲ ಸಲ ಅವಳನ್ನು ಕಂಡು ಪಾಪ ಅನ್ನಿಸಿತು.

"ಗಾಜು ತೆಗೆದು ಮರ ಹಾಕಿಕೊಡಿ. ಕಲ್ಲೂ ಇರಲಿ. ನಾನು ಕಾಫಿ ಮಾಡ್ತೀನಿ... ನಿಧಾನವಾಗಿ ಮಾಡ್ತೀನಿ."

ಅವಳು ಒಳಗೆ ಹೋದಳು. ಉಳಿದವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನೆನಪಾಯಿತು ಯಶೋದಳಿಗೆ!

"ಅಯ್ಯೋ ಶಿವನೇ! ಅಪ್ಪ ಮಾತು ಕೊಡಾಕೆ ಓಗವ್ನೆ! ಇವತ್ತೇ!"

ಫೋನ್ ತೆಗೆದು ಅಪ್ಪನ ನಂಬರ್ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಕೊಟ್ಟ ಮಾತನ್ನು ವಾಪಸ್ ತೆಗೆದುಕೊಳ್ಳುವ ಮನುಷ್ಯನಲ್ಲ ಅಪ್ಪ...

"ಅಲೋ? ಏನವ್ವಾ? ಈಗ ಬಸ್ ಇಳೀತಾವ್ನಿ, ಸತ್ತೇಗಾಲ್ದಲ್ಲಿ."

"ಅಪ್ಪಾ, ಅವ್ರ ಮನೆಗೆ ಓಗ್ಬ್ಯಾಡ! ಮಾತು ಕೊಡ್ಬ್ಯಾಡ!"

"ಬಸ್ ಗದ್ಲ, ಕೇಳಲ್ಲ. ಯಾಕೆ? ಗಂಡು ಬ್ಯಾಡ್ವಾ?"

"ಬ್ಯಾಡ! ನಂಗೆ ಬೇರೆಯವ್ರು ಬೇಕು!"

"ಯಾರು?"

"ಮಹದೇವು!"

ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಒಳಗೆ ಒಂದು ಚಮಚ ಕೆಳಗೆ ಬಿದ್ದ ಸದ್ದಾಯಿತು.

"ಅವನೇನಂತಾನೆ?" ಅಂದರು ಪುಟ್ಟಮಾದಪ್ಪ, ಮಹದೇವುಗೂ ಕೇಳಿಸುವಷ್ಟು ಜೋರಾಗಿ. "ಅವನೂ ಏಳಬೇಕಲ್ಲ? ಮರ ತರಾಕೆ ಓದಾಗ ಬೇಕಂತ್ಲೇ ಬಾಯಿ ಬುಡ್ಸಾಕೆ ನೋಡ್ದೆ. ಕಲ್ಲು ಕೂತಂಗೆ ಕೂತಿದ್ದ!"

ಮಹದೇವು ಫೋನ್ ಇಸಿದುಕೊಂಡ.

"ಮಾವಾ..." ಅಂದ. ಇಷ್ಟು ದಿನ ಅಣ್ಣ ಅನ್ನುತ್ತಿದ್ದವನು. "ತಪ್ಪಾಯ್ತು. ಇನ್ನು ಬಾಯಿ ಮುಚ್ಚಲ್ಲ. ನಮ್ಮವ್ವನ್ನ ಕರ್ಕಂಡು ಬತ್ತೀನಿ."

ಅತ್ತ ಕಡೆ ಪುಟ್ಟಮಾದಪ್ಪ ಕಂಡಕ್ಟರನನ್ನು ಕೂಗಿದ್ದು ಕೇಳಿಸಿತು.

"ಸರಿ. ಈ ಬಸ್ಸೇ ತಿರುಗುಸ್ಕಂಡು ಕೊಳ್ಳೇಗಾಲಕ್ಕೆ ಹೊಂಟದೆ. ಇದ್ರಲ್ಲೇ ಹತ್ಕತೀನಿ, ಮಡಗು."

ಯಶೋದಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳುತ್ತಲೇ ಅವನನ್ನು ಗದರಿಸಿದಳು.

"ನನ್ನ ಒಂದು ಮಾತು ಕೇಳ್ದೆ, ಮಾವ ಅಂದ್ಬುಟ್ರಲ್ಲ!"

"ಈಗ ಕೇಳ್ಲಾ?"

"ಕೇಳಿ."

"ನನ್ನ ಮದ್ವೆ ಆಯ್ತೀರಾ?"

"ಆಯ್ತೀನಿ. ಆದ್ರೆ ಇನ್ಮೇಲೆ ಯಾರ ಮನೆ ಕೆಲ್ಸಕ್ಕೂ ನೀವು ಒಬ್ರೇ ಓಗಂಗಿಲ್ಲ."

"ಯಾಕೆ? ನನ್ನ ಮ್ಯಾಲೆ ನಂಬ್ಕೆ ಇಲ್ವಾ?"

"ನಿಮ್ಮ ಮ್ಯಾಲೆ ಅದೆ," ಅಂದಳು ಯಶೋದ, ಅವನ ಕೈ ಹಿಡಿದುಕೊಂಡು. "ನನ್ನ ಒಟ್ಟೆಕಿಚ್ಚಿನ ಮ್ಯಾಲೆ ಇಲ್ಲ."