ತಾತನ ಜೆರ್ಸಿಯ ಗುಂಡಿ

“ನಿಲ್ಲು! ಆ ಗುಂಡಿ ಯಾರು ಹೊಲಿದದ್ದು?”

ರೆಫರಿ ಅಪಿಸಾಯಿ ಮಾಸ್ಟರು ಕೆಲೆರಾಳ ಕೊರಳಿನತ್ತ ಬೆರಳು ತೋರಿಸಿದರು. ನದಿಯಾಚೆಯ ಶಾಲೆಯ ವಿರುದ್ಧ ರಗ್ಬಿ ಫೈನಲ್ ಮ್ಯಾಚು. ಸೀಟಿ ಊದುವುದೊಂದೇ ಬಾಕಿ.

“ನಾನೇ ಸರ್!” ಎಂದಳು ಕೆಲೆರಾ, ಎದೆ ಉಬ್ಬಿಸಿ.

ಅದು ತಾತ ರಗ್ಬಿ ಆಡುತ್ತಿದ್ದ ಕಾಲದ ದಪ್ಪ ಹತ್ತಿಯ ಜೆರ್ಸಿ. ಕೆಂಪು ನೀಲಿ ಪಟ್ಟೆ, ಬಿಳಿ ಕಾಲರು. ತಾತ ದೇವರ ಪಾದ ಸೇರಿದ ಮೇಲೆ ಅಜ್ಜಿ ಅದನ್ನು ಮೊಮ್ಮಗಳ ಅಳತೆಗೆ ಹೊಲಿದುಕೊಟ್ಟಿದ್ದಳು. ಒಂದು ರಬ್ಬರ್ ಗುಂಡಿ ಮಾತ್ರ ಬಿದ್ದುಹೋಗಿತ್ತು. ಕೆಲೆರಾ ತನ್ನ ಚರ್ಚಿನ ಫ್ರಾಕಿನ ಬೆನ್ನಿನಿಂದ ಚಿಪ್ಪಿನ ಗುಂಡಿಯೊಂದನ್ನು ಕಿತ್ತು ಅಲ್ಲಿ ಕೂರಿಸಿದ್ದಳು.

“ಇದನ್ನ ಹಾಕ್ಕೊಂಡು ಆಡೋ ಹಾಗಿಲ್ಲ. ಬೇರೆ ಅಂಗಿ ಹಾಕ್ಕೋ, ಇಲ್ಲಾ ಹೊರಗೆ ಕೂತ್ಕೋ.”

“ಸರ್, ಉಳಿದದ್ದೆಲ್ಲ ಬರೀ ರಬ್ಬರು! ಇದು ಹೇಗೆ ಹೊಳೀತಿದೆ ನೋಡಿ!”

“ಮದುವೆಗೆ ಬಂದಿದಾಳೆ ಕಣ್ರೇ!” ಎದುರು ತಂಡದ ಸಾಲಿನಿಂದ ಉನೈಸಿ ಕೂಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಕೆಲೆರಾಳ ಕಿವಿ ಬಿಸಿಯಾಯಿತು. ತಾತನ ಜೆರ್ಸಿ ಇಲ್ಲದೆ ಅವಳು ಆಡುವುದಿಲ್ಲ. ಅದನ್ನು ಬಿಚ್ಚುವುದೂ ಇಲ್ಲ.

ಅಷ್ಟರಲ್ಲಿ ಅಜ್ಜಿ, ಕೆಲೆರಾಳ ಬುಬು, ಕೊಡೆ ಹಿಡಿದು ಮೈದಾನಕ್ಕೇ ನುಗ್ಗಿದಳು. ಮೊಮ್ಮಗಳ ಕಾಲರು ಹಿಡಿದೆಳೆದು, ದಾರವನ್ನು ಹಲ್ಲಿನಿಂದ ಕಟಕ್ಕನೆ ಕಚ್ಚಿ ಚಿಪ್ಪಿನ ಗುಂಡಿಯನ್ನು ಕಿತ್ತುಕೊಂಡಳು.

“ಬುಬು! ಗುಂಡಿ ಇಲ್ಲದೆ ಹೇಗೆ?”

“ಕೊರಳು ತೆರೆದೇ ಇರಲಿ. ನಾಳೆ ಚರ್ಚಿಗೂ ಬೆನ್ನು ತೆರಕೊಂಡೇ ಬರ್ತೀಯೋ ಏನೋ! ಓಡು!”

ಸೀಟಿ ಮೊಳಗಿತು.

ಆಟದ ಕೊನೆ ಗಳಿಗೆ. ಸಮಸಮ. ಚೆಂಡು ಕೆಲೆರಾಳ ಕೈಗೆ ಬಂತು. ಅವಳು ಓಡಿದಳು. ಗೆರೆಯ ಹತ್ತಿರ ಉನೈಸಿ ಅಡ್ಡ ಬಂದು ತಲೆ ತಗ್ಗಿಸಿ ಹಾರಿದಳು. ಅವಳ ಮುಖ ಕೆಲೆರಾಳ ಎದೆಗೆ ಧಪ್ಪನೆ ಬಡಿಯಿತು. ಇಬ್ಬರೂ ಉರುಳಿಕೊಂಡು ಗೆರೆ ದಾಟಿದರು, ಚೆಂಡಿನ ಸಮೇತ!

“ವಿನಾಕಾ! ವಿನಾಕಾ!” ಎಂದು ಶಹಬ್ಬಾಸ್ ಹೇಳುತ್ತ ಜನ ಕುಣಿದರು. ಅಜ್ಜಿಯ ಕೊಡೆ ಎಲ್ಲೋ ಹಾರಿತು.

ಎಂದಿನಂತೆ ಎರಡೂ ತಂಡದವರು ಪ್ರಾರ್ಥನೆಗೆ ಕೈ ಕೈ ಹಿಡಿದು ವೃತ್ತವಾಗಿ ನಿಂತರು. ಉನೈಸಿ ಕೆಲೆರಾಳ ಪಕ್ಕಕ್ಕೇ ಬಂದಳು.

“ನಿನ್ನ ಜೆರ್ಸಿ ಸೂಪರ್ ಕಣೇ. ನಮ್ಮಣ್ಣನ ಹತ್ರಾನೂ ಒಂದಿದೆ. ಜನ್ಮದಲ್ಲಿ ಬಾಲ್ ಮುಟ್ಟಿಲ್ಲ, ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಳ್ಳೋಕೆ ಹಾಕ್ಕೋತಾನೆ!”

ಕೆಲೆರಾ ನಗುತ್ತ ತಿರುಗಿದಳು. ಉನೈಸಿಯ ಕಣ್ಣಿನ ಕೆಳಗೆ ಪುಟ್ಟದೊಂದು ಗುಂಡನೆಯ ಕೆಂಪು ಅಚ್ಚು, ಜೆರ್ಸಿಯ ರಬ್ಬರ್ ಗುಂಡಿಯದ್ದೇ, ಮೂಡಿತ್ತು.

“ನೋವಾಯ್ತಾ?”

“ಎಲ್ಲಿ? ಏನೂ ಆಗಿಲ್ವಲ್ಲ!”

ಪ್ರಾರ್ಥನೆ ಮುಗಿಯಿತು. ಅಜ್ಜಿ ಬಂದು ಚಿಪ್ಪಿನ ಗುಂಡಿಯನ್ನು ಕೆಲೆರಾಳ ಅಂಗೈಗೆ ಹಾಕಿದಳು. ಕೆಲೆರಾ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ತೆಳ್ಳಗಿತ್ತು, ಚುರುಕ್ಕೆಂದಿತು.

ಆಚೆ ಉನೈಸಿ, ಆಟದ ನಂತರ ಹಂಚಿದ ಗೆಣಸನ್ನು ಎರಡೂ ಕೆನ್ನೆ ಉಬ್ಬುವಂತೆ ಬಾಯಿಗೆ ತುಂಬಿಕೊಂಡು ನಗುತ್ತಿದ್ದಳು.

“ಬುಬು, ಪೇಟೆಯಲ್ಲಿ ರಬ್ಬರ್ ಗುಂಡಿ ಸಿಗುತ್ತಲ್ವಾ?” ಎಂದು ಕೆಲೆರಾ ಮೆಲ್ಲಗೆ ಕೇಳಿದಳು. “ತಾತನದ್ದರ ಹಾಗೇ ಮೆತ್ತಗಿರೋದು.”